ಬಕೆಟ್ಟಿನ ತಳದ ಕಡಲು

ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು.

ಹೊರಕೋಣೆಯ ಕುರ್ಚಿಯಲ್ಲಿ ಕೂತಿದ್ದ ಅಜ್ಜಿ ಆಗಲೇ ಅರ್ಧ ಎದ್ದಾಗಿತ್ತು.

"ಅತ್ತೆ! ಕೂತ್ಕೊಳ್ಳಿ!" ಎಂದು ಸೊಸೆ ಬೆರಳೆತ್ತಿ ಗದರಿದಳು.

ಅಜ್ಜಿ ಕೂತಳು. ಮದುವೆಯಾಗಿ ಈ ಮನೆಯ ಹೊಸಿಲು ದಾಟಿದ ಮೇಲೆ ಆ ಒಲೆಯ ಮೇಲೆ ಕೂಗಿದ್ದು, ಉಕ್ಕಿದ್ದು, ಸಿಡಿದದ್ದು ಎಲ್ಲಕ್ಕೂ ಓಡಿದವಳು ಅವಳೊಬ್ಬಳೇ. ಇವತ್ತು ಒಲೆಯ ಮುಂದೆ ತಾತನ ಕೈ ಇತ್ತು. ಜೀವಮಾನವಿಡೀ ಗಡಿಯಾರದ ಹೊಟ್ಟೆ ಬಗೆದು, ಅಕ್ಕಿಕಾಳಿಗಿಂತ ಸಣ್ಣ ಸ್ಕ್ರೂ ಬಿಗಿದ ಕೈ. ಅಕ್ಕಿಯನ್ನು ಮಾತ್ರ ಮುಟ್ಟಿದ್ದಿಲ್ಲ.

"ಒಂದು," ಎಂದು ತಾತ ಒಳಗಿನಿಂದ ಗಟ್ಟಿಯಾಗಿ ಎಣಿಸಿದ. ಸ್ವಲ್ಪ ಹೊತ್ತಿಗೆ ಕುಕ್ಕರ್ ಮತ್ತೆ ಬುಸ್ಸೆಂದು, ಅರ್ಧಕ್ಕೇ ಸುಮ್ಮನಾಯಿತು. "ಒಂದೂವರೆ."

"ಕುಕ್ಕರ್‌ನಲ್ಲಿ ಒಂದೂವರೆ ಅಂತ ಇಲ್ಲ ರೀ!"

"ಅದು ಅರ್ಧಕ್ಕೆ ನಿಂತ್ರೆ ನಾನೇನು ಮಾಡ್ಲಿ? ಅರ್ಧಾನ ಅರ್ಧ ಅಂತಾನೇ ಎಣಿಸ್ಬೇಕು. ನೀನು ಮಾತಾಡ್ಬೇಡ. ಮಾತಾಡಿದ್ರೆ ನಾನು ಫೇಲು, ನೀನು ಮನೇಲಿ."

ಅಜ್ಜಿ ಬಾಯಿ ಮುಚ್ಚಿಕೊಂಡಳು. ಷರತ್ತೇ ಹಾಗಿತ್ತು. ಅಜ್ಜಿಯನ್ನು ಕರೆಯದೆ, ಅಜ್ಜಿಯೂ ಬಾಯಿ ಹಾಕದೆ, ತಾತ ಒಂದು ಹೊತ್ತಿನ ಊಟ ತಾನೇ ಬೇಯಿಸಿಕೊಳ್ಳಬೇಕು. ಬೇಯಿಸಿದರೆ ಅಜ್ಜಿ ಬೀದಿಯಾಚೆ ನಿಂತ ವ್ಯಾನು ಹತ್ತುತ್ತಾಳೆ, ಕಡಲು ನೋಡುತ್ತಾಳೆ. ಇಲ್ಲದಿದ್ದರೆ ಪ್ರತಿ ರಜೆಯ ಹಾಗೆ ಹೊಸಿಲಲ್ಲಿ ನಿಂತು ಕೈಬೀಸುತ್ತಾಳೆ. ಈ ಪರೀಕ್ಷೆ ಒಡ್ಡಿದವಳು ಸೊಸೆ. ಆಸ್ಪತ್ರೆಯಲ್ಲಿ ನರ್ಸು. ಏಳಲಾರೆ ಎಂದು ಹಠ ಹಿಡಿದವರನ್ನು ಎಬ್ಬಿಸಿ ನಡೆಸುವುದೇ ಅವಳ ಕಸುಬು.

ತಾತನಿಗೆ ಬಸ್ಸು, ಕಾರು, ದೋಣಿ ಯಾವುದೂ ಆಗಿಬರದು. ಗಾಡಿ ತಿರುವು ತೆಗೆದುಕೊಳ್ಳುವ ಮೊದಲೇ ಅವನ ಹೊಟ್ಟೆ ತಿರುಗುತ್ತದೆ. ಮದುಮಗನಾಗಿಯೂ ನಡೆದೇ ಬಂದವನು. "ಅದಕ್ಕೇ ಪಕ್ಕದ ಬೀದಿ ಹುಡುಗೀನ ನೋಡ್ಕೊಂಡ್ರು, ಇಲ್ಲದಿದ್ರೆ ನಾನೆಲ್ಲಿ ಇವರ ಕಣ್ಣಿಗೆ ಬೀಳ್ತಿದ್ದೆ," ಎಂದು ಅಜ್ಜಿ ಈಗಲೂ ಹಂಗಿಸುತ್ತಾಳೆ. ಹೀಗಾಗಿ ರಜೆ ಬಂತೆಂದರೆ ಮಿಕ್ಕವರೆಲ್ಲ ಕಡಲಿಗೆ, ತಾತ ಮನೆಯಲ್ಲಿ. ತಾತನಿಗೆ ಬೇಯಿಸಿ ಹಾಕಲು ಅಜ್ಜಿಯೂ ಮನೆಯಲ್ಲಿ.

ಹಾಗೆಂದು ಅವಳು ಕೊರಗಿಕೊಂಡು ಕೂತವಳಲ್ಲ, ಕೂರಲು ಪುರುಸೊತ್ತಾದರೂ ಎಲ್ಲಿತ್ತು? ರಜೆಯೆಂದರೆ ಬೀದಿಯ ಮಕ್ಕಳಿಗೆ ಆಟ, ಅವಳಿಗೆ ನೀಲಿ ಚೌಕಳಿ ಬಟ್ಟೆಯ ಬೆಟ್ಟ. ಶಾಲೆ ತೆರೆಯುವುದರೊಳಗೆ ಇಡೀ ಬೀದಿಯ ಲಂಗ, ಚಡ್ಡಿ, ಅಂಗಿ ಅವಳ ಮೆಷಿನ್ನಿನಿಂದ ಇಳಿಯಬೇಕಿತ್ತು. 'ಯೂನಿಫಾರಂ ಅಜ್ಜಿ' ಎಂದು ಹೆಸರು ಬಿದ್ದದ್ದು ಆಗಲೇ, ಅವಳಿನ್ನೂ ಅಜ್ಜಿಯಾಗುವ ಮುಂಚೆ. ಲಂಗದ ಅಂಚನ್ನು ಒಳಗಡೆ ಗೇಣಗಲ ಮಡಚಿ ಹೊಲಿಯುತ್ತಿದ್ದಳು. "ಮಗು ಬೆಳೆಯುತ್ತೆ, ಬಟ್ಟೆ ಬೆಳೆಯಲ್ಲ. ಬೆಳೆಯೋದಕ್ಕೆ ಜಾಗ ನಾವೇ ಒಳಗಿಟ್ಟಿರ್ಬೇಕು," ಎನ್ನುತ್ತಿದ್ದಳು. ಈ ವರ್ಷ ಸೂಜಿಯ ಕಣ್ಣು ಅವಳ ಕಣ್ಣಿಗೆ ಸಿಗದಾಯಿತು. ಬಟ್ಟೆಯ ಬೆಟ್ಟವನ್ನು ಬೀದಿ ಕೊನೆಯ ದರ್ಜಿಗೆ ಬಿಟ್ಟುಕೊಟ್ಟಳು. ರಜೆ ಬಂದರೂ ಕೈ ಖಾಲಿ. ಆ ಖಾಲಿ ಕೈ ನೋಡಿಯೇ ಸೊಸೆ, "ಈ ಸಲ ನೀವು ಹೊರಡಲೇಬೇಕು," ಎಂದು ಪಟ್ಟು ಹಿಡಿದದ್ದು.

ಕಡಲು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಪ್ರತಿ ರಜೆಯ ಕೊನೆಗೆ ಅದು ಅವಳ ಬಚ್ಚಲಿಗೆ ಬರುತ್ತಿತ್ತು. ಮಗ, ಸೊಸೆ, ಮೊಮ್ಮಗಳು ತಂದ ಬಟ್ಟೆಗಳನ್ನು ಬಕೆಟ್ಟಿನಲ್ಲಿ ನೆನೆಸಿ, ಜಾಲಿಸಿ, ನೀರು ಚೆಲ್ಲಿದರೆ ತಳದಲ್ಲಿ ಒಂದು ಹಿಡಿ ಮರಳು. ಬೆರಳಲ್ಲಿ ಸವರಿದರೆ ತಣ್ಣಗೆ, ಬಿಸಿಲಿಗೆ ಹಿಡಿದರೆ ಮಿಣಮಿಣ. ಒಮ್ಮೆ ಯಾರೂ ನೋಡದಿರುವಾಗ ನಾಲಿಗೆಗೂ ಮುಟ್ಟಿಸಿಕೊಂಡಿದ್ದಳು. ಸೋಪಿನ ರುಚಿ ಬಂದಿತ್ತು.

"ಅಜ್ಜಿ, ಟೋಪಿ ಹಾಕೊ! ನೋಡೋಣ!" ಮೊಮ್ಮಗಳು ಕುರ್ಚಿಯ ಸುತ್ತ ಕುಣಿಯುತ್ತಿದ್ದಳು.

ಟೋಪಿಯನ್ನು ಅಜ್ಜಿಯೇ ಹೊಲಿದದ್ದು, ಉಳಿದ ಚೌಕಳಿ ತುಂಡುಗಳಿಂದ, ಮೊಮ್ಮಗಳ ಕೈಲಿ ಸೂಜಿಗೆ ದಾರ ಪೋಣಿಸಿಕೊಂಡು. ತನಗಾಗಿ ಅವಳು ಹೊಲಿದ ಮೊದಲ ವಸ್ತು. ತಲೆಗಿಟ್ಟುಕೊಂಡಾಗ ಅದು ಕಿವಿಯ ತನಕ ಇಳಿಯಿತು.

"ಅಯ್ಯೋ, ದೊಡ್ಡದಾಯ್ತು!"

"ಆಗ್ಲಿ ಬಿಡೆ. ತಲೆ ಬೆಳೆದ್ರೆ?"

ಮೊಮ್ಮಗಳು ನಕ್ಕು ನಕ್ಕು ನೆಲಕ್ಕೆ ಕೂತಳು. ಅಜ್ಜಿಯ ಪಾದಗಳು ಕುರ್ಚಿಯ ಕೆಳಗೆ ಒಂದಾದಮೇಲೊಂದು ಮೇಲೆ ಕೆಳಗೆ ಆಡುತ್ತಿದ್ದವು, ಕಾಣದ ಮೆಷಿನ್ನೊಂದನ್ನು ತುಳಿಯುವಂತೆ. ಖುಷಿ ಹೆಚ್ಚಾದರೆ ಅವಳಿಗೆ ಹಾಗೆ. ಬೆಳಗಿನಿಂದ ತುಳಿಯುತ್ತಲೇ ಇದ್ದಳು. ಎಷ್ಟು ಬೇಗ ಎದ್ದಿದ್ದಳೆಂದರೆ, ಹಾಲಿನವನು ಬಾಗಿಲು ತಟ್ಟುವ ಮೊದಲೇ ಇವಳೇ ಬಾಗಿಲು ತೆರೆದು ಅವನನ್ನು ಬೆಚ್ಚಿಬೀಳಿಸಿದ್ದಳು. ಪರೀಕ್ಷೆಗೆ ಮುಂಚೆ ಒಲೆ ಇನ್ನೂ ಅವಳದೇ ಆಗಿದ್ದಾಗ ದಾರಿಯ ಬುತ್ತಿಯನ್ನೂ ಮುಗಿಸಿದ್ದಳು: ಆಲೂಗಡ್ಡೆ ತುಂಬಿದ ರೊಟ್ಟಿ, ಬೇಯಿಸಿದ ಮೊಟ್ಟೆ. ಮಗನದರಲ್ಲಿ ಈರುಳ್ಳಿ ಇಲ್ಲ. ಸೊಸೆಯದಕ್ಕೆ ಹಸಿಮೆಣಸಿನಕಾಯಿ ಜಾಸ್ತಿ. ಮೊಮ್ಮಗಳದು ಅಂಚು ಗರಿಗರಿ.

"ಯಾರಿಗೆ ಏನಿಷ್ಟ ಅಂತ ಹೇಗೆ ನೆನಪಿಟ್ಕೋತೀಯ ಅಜ್ಜಿ?"

"ನೆನಪಿಟ್ಕೊಳ್ಳೋದೇನು ಬಂತು. ತಟ್ಟೆ ತೊಳೆಯೋಳಿಗೆ ಗೊತ್ತಾಗುತ್ತೆ. ಅಡುಗೆ ಕಲಿಯೋದು ಒಲೆ ಮುಂದೆ ಅಲ್ಲ ಕಣೆ ಪುಟ್ಟಿ, ಬಚ್ಚಲಲ್ಲಿ. ಯಾರು ಏನು ಬಿಟ್ಟು ಎದ್ರು, ಯಾರು ಬೆರಳು ನೆಕ್ಕಿ ಎದ್ರು... ನಿಮ್ಮಪ್ಪ ಬಾಯಿಬಿಟ್ಟು ಈರುಳ್ಳಿ ಬೇಡ ಅಂತ ಒಂದು ದಿನ ಹೇಳಿದ್ದಿಲ್ಲ. ತಟ್ಟೆ ಅಂಚಲ್ಲಿ ಸಾಲಾಗಿ ಜೋಡಿಸಿ ಇಟ್ಟಿರ್ತಿದ್ದ, ಪೊಲೀಸರ ಪೆರೇಡಿನ ಹಾಗೆ."

"ನಿನಗೇನಿಷ್ಟ?"

ಅಜ್ಜಿ ಯೋಚಿಸಿದಳು. "ತಳ ಹಿಡಿದ ಅನ್ನ," ಎಂದಳು ಕೊನೆಗೆ. "ಪಾತ್ರೆ ಕೆರೆದಾಗ ಕರಕರ ಅಂತ ಬರುತ್ತಲ್ಲ, ಅದು."

"ಛೀ! ಅದು ಸೀದಿದ್ದು!"

"ಮೊದಮೊದಲು ನಾನೂ ಛೀ ಅಂತಿದ್ದೆ. ಎಲ್ಲರೂ ಉಂಡೆದ್ದ ಮೇಲೆ ತಳ ಪಾತ್ರೆ ಪಾಲಿಗೆ, ಪಾತ್ರೆ ನನ್ನ ಪಾಲಿಗೆ. ತಿಂತಾ ತಿಂತಾ..."

ಅಜ್ಜಿಯ ಮೂಗು ಮೇಲೆದ್ದಿತು. ಸಣ್ಣ ವಾಸನೆ. ಇನ್ನೂ ಯಾರ ಮೂಗಿಗೂ ಮುಟ್ಟದಷ್ಟು ಸಣ್ಣದು. ಒಳಗೆ ತಳ ಹಿಡಿಯುತ್ತಿತ್ತು.

ನಾಲಿಗೆಯ ತುದಿಗೆ ಬಂದ 'ಒಲೆ ಆರಿಸಿ' ಎಂಬ ಎರಡೇ ಮಾತನ್ನು ಅವಳು ಹಲ್ಲಲ್ಲಿ ಕಚ್ಚಿ ಹಿಡಿದಳು. ಆಡಿದರೆ ಅನ್ನ ಉಳಿಯುತ್ತದೆ, ಕಡಲು ಹೋಗುತ್ತದೆ. ಹೋದ ಸಲ ಆದದ್ದೂ ಇಷ್ಟೇ. ಚಪ್ಪಲಿ ಮೆಟ್ಟಿಕೊಂಡು ವ್ಯಾನಿನ ತನಕ ಬಂದಿದ್ದಳು. ತಾತ ಕಾಯಿಸಲಿಟ್ಟ ಹಾಲು ಉಕ್ಕಿ ಸೀದ ವಾಸನೆ ಬೀದಿಗೆ ಬಂತು. 'ಎರಡೇ ನಿಮಿಷ, ಒರೆಸಿ ಬಂದೆ' ಎಂದು ಒಳಗೆ ಹೋದಳು. ಒಲೆ ಒರೆಸಿದಳು, ಪಾತ್ರೆ ಉಜ್ಜಿದಳು, ಮತ್ತೆ ಹಾಲಿಟ್ಟಳು, ಮಧ್ಯಾಹ್ನಕ್ಕೆ ಏನೆಂದು ಯೋಚಿಸಿದಳು. ಆಮೇಲೆ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಹೊರಬಂದು, "ನೀವು ಹೊರಡಿ, ನನಗೂ ಯಾಕೋ ಬೇಡ ಅನ್ನಿಸ್ತು," ಎಂದಿದ್ದಳು. ಹಾಗೆಂದವಳ ಮುಖವನ್ನು ಸೊಸೆ ಮರೆತಿರಲಿಲ್ಲ.

ಈಗ ಸೊಸೆಗೂ ವಾಸನೆ ತಟ್ಟಿತು. ಅತ್ತೆಯೂ ಸೊಸೆಯೂ ಒಬ್ಬರನ್ನೊಬ್ಬರು ನೋಡಿದರು. ಅಜ್ಜಿ ಟೋಪಿಯನ್ನು ತೆಗೆದು ಮೂಗಿಗೆ ಒತ್ತಿ ಹಿಡಿದಳು. ಪಾದಗಳು ತುಳಿಯುವುದನ್ನು ಬಿಟ್ಟಿದ್ದವು.

ಒಳಗೆ ಟಕ್ಕೆಂದು ಒಲೆ ಆರಿತು.

"ಮಾವ, ಎಷ್ಟಾಯ್ತು ಲೆಕ್ಕ?" ಸೊಸೆ ಕೂಗಿದಳು.

"ಲೆಕ್ಕ ತಪ್ಪೋಯ್ತಮ್ಮ. ಆದ್ರೆ ಒಳಗಿನ ಸದ್ದು ಬದಲಾಯ್ತು. ಕೀಲಿ ಮುಗಿದ ಗಡಿಯಾರದ ಹಾಗೆ. ಇನ್ನು ಸಾಕು ಅನ್ನಿಸ್ತು."

ಅಜ್ಜಿ ಟೋಪಿಯೊಳಗೇ ಉಸಿರುಬಿಟ್ಟಳು.

ಕುಕ್ಕರಿನ ಹಬೆ ಇಳಿದ ಮೇಲೆ ಸೊಸೆ ಚಮಚ ಹಿಡಿದು ಒಳಗೆ ಹೋದಳು. ಅಕ್ಕಿ, ಬೇಳೆ, ಕ್ಯಾರೆಟ್ಟು ಒಂದರೊಳಗೊಂದು ಕಲಸಿಹೋಗಿದ್ದವು. ಬಾಯಿಗಿಟ್ಟುಕೊಂಡು ಕಣ್ಣು ಕಿರಿದು ಮಾಡಿದಳು. "ಉಪ್ಪೇ ಇಲ್ವಲ್ಲ ಮಾವ!"

"ಒಂದು ಚಿಟಿಕೆ ಹಾಕಿ ಅಂದಿದ್ದಳು ಇವಳು. ಚಿಟಿಕೆ ಅಂದ್ರೆ ಎಷ್ಟು? ಒಂದು ವಾರದಿಂದ ಕೇಳ್ತಿದ್ದೀನಿ, ಒಬ್ಬರಾದ್ರೂ ಅಳತೆ ಹೇಳಿದ್ರಾ? ಗೊತ್ತಿಲ್ಲದ್ದನ್ನ ನಾನು ಹಾಕಲ್ಲ."

"ತಳ ಹಿಡಿದಿದೆ. ಉಪ್ಪಿಲ್ಲ. ಮನೆ ಸುಟ್ಟಿಲ್ಲ." ಸೊಸೆ ಚಮಚ ಮೇಲೆತ್ತಿ ತೀರ್ಪು ಕೊಟ್ಟಳು. "ಪಾಸು! ದಡ ಮುಟ್ಟಿದ್ದೀರಿ, ಅಷ್ಟೇ. ಬೀಗಬೇಡಿ."

ಮೊಮ್ಮಗಳು ಕಿರುಚಿದ ರಭಸಕ್ಕೆ ವ್ಯಾನಿನ ಮೇಲೆ ಸಾಮಾನು ಕಟ್ಟುತ್ತಿದ್ದ ಮಗ ಹಗ್ಗ ಬಿಟ್ಟು ಓಡಿಬಂದ. ಅಜ್ಜಿ ಆಗಲೇ ಚಪ್ಪಲಿ ಮೆಟ್ಟಿದ್ದಳು. ಸರಿಯಾಗಿ ಹೇಳಬೇಕೆಂದರೆ ಬೆಳಗಿನಿಂದ ಬಿಚ್ಚಿರಲೇ ಇಲ್ಲ.

ಬೀದಿಯಲ್ಲಿ ಬಿಸಿಲು ಏರುತ್ತಿತ್ತು. ಎದುರಿನ ಬೇಕರಿಯವನು ಟ್ರೇ ತುಂಬ ಬ್ರೆಡ್ಡು ಜೋಡಿಸುತ್ತಿದ್ದವನು ಟೋಪಿ ಕಂಡು ನಿಂತುಬಿಟ್ಟ. ಅವನೂ ಒಂದು ಕಾಲಕ್ಕೆ ಅಜ್ಜಿ ಹೊಲಿದ ಚಡ್ಡಿ ತೊಟ್ಟು ಶಾಲೆಗೆ ಹೋದವನೇ.

"ಏನಮ್ಮ, ಯಾವ ಕ್ಲಾಸಿಗೆ ಸೇರಿದ್ರಿ?"

"ಒಂದನೇ ಕ್ಲಾಸಿಗೇ ಕಣಪ್ಪ! ನೀನು ಎರಡು ವರ್ಷ ಕೂತೆಯಲ್ಲ, ಅದೇ ಬೆಂಚು ಖಾಲಿ ಇದೆ ಅಂದ್ರು!"

ಬೇಕರಿಯೊಳಗಿನ ಗಿರಾಕಿಗಳೂ ನಕ್ಕರು. ಅಜ್ಜಿ ಗೆದ್ದವಳಂತೆ ಟೋಪಿ ಸರಿಮಾಡಿಕೊಂಡು ವ್ಯಾನಿನತ್ತ ಹೆಜ್ಜೆಹಾಕಿದಳು. ಆಗ ಮೊಮ್ಮಗಳು ಬುತ್ತಿಯ ಚೀಲದಿಂದ ತಲೆಯೆತ್ತಿದಳು.

"ಅಜ್ಜಿ, ನೀಲಿ ಮುಚ್ಚಳ ಅಪ್ಪಂದು, ಕೆಂಪು ಅಮ್ಮಂದು, ಹಳದಿ ನಂದು. ನಿಂದೆಲ್ಲಿ?"

ಅಜ್ಜಿ ಚೀಲದೊಳಗೆ ಇಣುಕಿದಳು. ಕೈಹಾಕಿ ತಡಕಿದಳು. ನೀಲಿ, ಕೆಂಪು, ಹಳದಿ. ಅಷ್ಟೇ. ಹೋಗುವವರಿಗೆಲ್ಲ ಕಟ್ಟಿದ್ದಳು. ಪ್ರತಿ ರಜೆಗೂ ಕಟ್ಟುವ ಹಾಗೆ.

"ಥೂ, ನನ್ನನ್ನೇ ಮರೆತೆ ನೋಡು," ಎಂದು ನಗಲು ಹೋದಳು. ನಗು ಪೂರ್ತಿ ಬರಲಿಲ್ಲ.

"ದಾರೀಲಿ ಏನಾದ್ರೂ ತಿನ್ನೋಣ, ಬಾಮ್ಮ," ಎಂದ ಮಗ.

"ನನ್ನದ್ರಲ್ಲೇ ಇಬ್ಬರಿಗಾಗುತ್ತೆ ಅತ್ತೆ, ಹತ್ತಿ."

"ಆ ಖಾರ ನನ್ನ ಹೊಟ್ಟೆಗೆ ಆಗುತ್ತೇನೆ? ಹಿಟ್ಟು ಇನ್ನೂ ಉಳಿದಿದೆ. ಎರಡೇ ನಿಮಿಷ, ಎರಡು ರೊಟ್ಟಿ ತಟ್ಕೊಂಡು ಬಂದೆ."

ಎರಡೇ ನಿಮಿಷ. ಸೊಸೆಯ ಮುಖ ಇಳಿದುಹೋಯಿತು. ಒಲೆ ಹೊತ್ತಿದರೆ ಕಾವಲಿ ಕರೆಯುತ್ತದೆ, ಕಾವಲಿ ಇಳಿದರೆ ಬಚ್ಚಲು ಕರೆಯುತ್ತದೆ; ಒಳಗೆ ಹೋದವಳು ಹೊರಗೆ ಬರುವುದಿಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅಜ್ಜಿಗೂ ಗೊತ್ತಿತ್ತು. ಆದರೂ ಅವಳ ಒಂದು ಕಾಲು ಮನೆಯ ಕಡೆ ತಿರುಗಿಯೇಬಿಟ್ಟಿತ್ತು.

ಹೊಸಿಲಲ್ಲಿ ತಾತ ನಿಂತಿದ್ದ. ಕೈಯಲ್ಲಿ ಸ್ಟೀಲಿನ ಡಬ್ಬಿ. ಅವನು ನಿಂತದ್ದು ಸರಿಯಾಗಿ ಬಾಗಿಲಿನ ನಡುವೆ, ಅತ್ತ ಇತ್ತ ಯಾರೂ ನುಸುಳದ ಹಾಗೆ.

"ತಗೋ," ಎಂದ.

"ಏನ್ರೀ ಇದು?"

"ನನ್ನ ಮಧ್ಯಾಹ್ನದ ಊಟ. ಈಗ ನಿಂದು."

"ಮತ್ತೆ ನೀವು?"

"ಇನ್ನೊಂದು ಸಲ ಕೂಗಿಸ್ತೀನಿ. ಪಾಸಾದವನು ನಾನು, ನಿಮ್ಮೆಲ್ಲರ ಹಾಗೆ ಬರೀ ಬಾಯಲ್ಲಿ ಅಡುಗೆ ಹೇಳೋನಲ್ಲ."

ಡಬ್ಬಿ ಬೆಚ್ಚಗಿತ್ತು. ಅಜ್ಜಿ ಮುಚ್ಚಳ ಸರಿಸಿದಳು. ಮುದ್ದೆಯಾದ ಅನ್ನದ ಮೇಲೆ, ಚಾಕುವಿನಿಂದ ನಯವಾಗಿ ಬಿಡಿಸಿ ತೆಗೆದ ಒಂದು ಹಾಳೆ: ಕಂದುಬಣ್ಣದ, ಗರಿಗರಿಯಾದ ತಳ. ಒಂದು ಕಡೆಯೂ ಮುರಿದಿರಲಿಲ್ಲ.

"ನೀನು ತಿನ್ನೋದನ್ನ ಮೇಲಿಟ್ಟಿದ್ದೀನಿ," ಎಂದ ತಾತ.

"ನಿಮಗ್ಯಾರು ಹೇಳಿದ್ರು?"

"ಇಷ್ಟು ವರ್ಷ ನಿನ್ನೆದುರಿಗೆ ಕೂತು ಉಂಡಿದ್ದೀನಿ. ಕಣ್ಣು ಮುಚ್ಕೊಂಡು ಉಂಡೆ ಅಂದ್ಕೊಂಡ್ಯಾ?"

ಅಜ್ಜಿ ಅಂಚಿನ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಕರಕರ ಸದ್ದು ಎಲ್ಲರಿಗೂ ಕೇಳಿತು. ಉಪ್ಪಿರಲಿಲ್ಲ. ಅವಳು ಮುಚ್ಚಳ ಒತ್ತಿದಳು. ಡಬ್ಬಿಯನ್ನು ಎದೆಗೆ ಅವಚಿಕೊಂಡಾಗ ಪಾದಗಳಿಗೆ ಮತ್ತೆ ಬೆಳಗಿನ ಚಡಪಡಿಕೆ ಬಂತು.

"ಆದ್ರೆ ಒಂದೇ ಒಂದು ಹೇಳಿ ಹೋಗು," ಎಂದ ತಾತ ಮೆಟ್ಟಿಲಿಳಿದು ಬರುತ್ತ. "ಈ ಸಲ ಉಪ್ಪು ಹಾಕಿಯೇ ಮಾಡ್ತೀನಿ. ಚಿಟಿಕೆ ಅಂದ್ರೆ ಎಷ್ಟು?"

"ಅದೇ ರೀ, ಹೀಗೆ ಬೆರಳಲ್ಲಿ..." ಅಜ್ಜಿಯ ಕೈ ತಾನಾಗಿ ಮೇಲೆದ್ದು ಬೆರಳು ಕೂಡಿಸಿತು.

"ಎರಡು ಬೆರಳಾ, ಮೂರು ಬೆರಳಾ? ಉಗುರು ತನಕವಾ, ಗಿಣ್ಣಿನ ತನಕವಾ? ನಿನ್ನ ಬೆರಳು ಸಣ್ಣ, ನನ್ನದು ದಪ್ಪ. ಆ ವ್ಯತ್ಯಾಸ ಹೇಗೆ ಕಳೆಯೋದು?"

ಅಜ್ಜಿ ಗಾಳಿಯಲ್ಲಿ ನಿಂತ ತನ್ನ ಬೆರಳುಗಳನ್ನು ನೋಡಿದಳು. ಮಾತು ಉಪ್ಪಿನಿಂದ ಬೇಳೆಗೆ ಹೋಗುತ್ತದೆ, ಬೇಳೆಯಿಂದ ನೀರಿಗೆ, ನೀರಿನಿಂದ ಒಲೆಯ ಉರಿಗೆ. ಅಲ್ಲಿಂದ ಮುಂದೆ ಅವಳೇ ಒಳಗೆ. ವ್ಯಾನಿನ ಬಾಗಿಲು ತೆರೆದಿತ್ತು. ಮೊಮ್ಮಗಳು ಕಿಟಕಿಯ ಪಕ್ಕದ ಸೀಟನ್ನು ಅಂಗೈಯಿಂದ ಪಟಪಟ ಬಡಿಯುತ್ತಿದ್ದಳು. ಅಜ್ಜಿ ಕೂಡಿಸಿದ ಬೆರಳುಗಳನ್ನು ಬಿಡಿಸಿ, ಟೋಪಿಯ ಅಂಚನ್ನು ಹಣೆಯ ಮೇಲಕ್ಕೆ ತಳ್ಳಿದಳು. ತಿರುಗಿದಳು.

"ಲೇ, ಬೇಳೆಗೂ ಅಷ್ಟೇನಾ? ಮೊದಲೇ ಹಾಕೋದಾ, ಆಮೇಲಾ? ಕೇಳಿಸ್ತಾ ನಿನಗೆ? ಪುಡಿ ಉಪ್ಪಾದ್ರೆ ಒಂದು ಲೆಕ್ಕ, ಕಲ್ಲುಪ್ಪಾದ್ರೆ..."

ಅಜ್ಜಿ ಡಬ್ಬಿ ಅವಚಿಕೊಂಡು ಬೀದಿ ದಾಟುತ್ತಿದ್ದಳು.