ದಾರ ಹೊಲಿದ ನಕ್ಷೆ

ಆ ಹೈಸ್ಕೂಲಿನ ಭೂಗೋಳದ ಮೇಷ್ಟ್ರಿಗೆ ಮಕ್ಕಳಿಟ್ಟ ಹೆಸರು ನಕ್ಷೆ ಮೇಷ್ಟ್ರು. ಗೋಡೆಯ ನಕ್ಷೆಗೆ ಬೆನ್ನು ಹಾಕಿ ನಿಂತೇ, ಕೇಳಿದ ಊರಿನ ಮೇಲೆ ಕೋಲಿಡುತ್ತಿದ್ದ ಮನುಷ್ಯ. ಅಂಥವರ ಕಣ್ಣಿಗೇ ಕೇಡು ಬರಬೇಕೆ? ನರ ಒಣಗುತ್ತಿದೆ, ಮದ್ದಿಲ್ಲ ಎಂದುಬಿಟ್ಟರು ಡಾಕ್ಟರು. ಮೊದಮೊದಲು ನೋಟದ ನಡುವೆ ಹೊಗೆ ಕವಿಯಿತು. ಬರಬರುತ್ತಾ ಹೊಗೆಯಷ್ಟೇ ಉಳಿಯಿತು. ಮನೆಯಲ್ಲಿ ಗಂಡ ಬಿಟ್ಟ ಮಗಳು, ಅವಳ ಕೂಸು. ಎಲ್ಲರ ಹೊಟ್ಟೆಗೂ ಇವರ ಸಂಬಳವೇ ಗತಿ. ಆಡಳಿತ ಮಂಡಳಿಯವರೋ, ಕುಂಟಿದ ಎತ್ತಿಗೆ ಹುಲ್ಲು ಹಾಕುವ ಪೈಕಿಯಲ್ಲ. ಸುದ್ದಿ ಹೊರಬಿದ್ದರೆ ಕೆಲಸ ಹೋದಂತೆಯೇ.

ಗುಟ್ಟು ಹಿಡಿದವರು ಇತಿಹಾಸದ ಮೇಡಂ. ಸ್ಟಾಫ್ ರೂಮಿನಲ್ಲಿ ಮೇಷ್ಟ್ರು ಉತ್ತರಪತ್ರಿಕೆ ಬಿಟ್ಟು ಪ್ರಶ್ನೆಪತ್ರಿಕೆಗೇ ಅಂಕ ಹಾಕುತ್ತಾ ಕೂತಿದ್ದರು.

"ಸಾರ್, ಕಣ್ಣು ಕಾಣಲ್ವಾ?"

"ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ಮೇಲು ಅಂತಾರಲ್ಲಮ್ಮಾ, ನನಗೆ ಅದೂ ಉಳಿದಿಲ್ಲ" ಎಂದು ನಗಲು ಹೋಗಿ ಅತ್ತುಬಿಟ್ಟರು.

"ಅಳೋದು ಆಮೇಲೆ ಇರ್ಲಿ. ಆ ಬಟ್ಟೆ ನಕ್ಷೆ ಇತ್ತ ಕೊಡಿ" ಎಂದು ಗದರಿದರು ಮೇಡಂ.

ಮನೆಗೆ ಒಯ್ದು ನದಿಗಳ ಗುಂಟ ದಾರ ಹೊಲಿದರು. ಊರಿಗೊಂದು ಗಂಟು, ರಾಜಧಾನಿಗೊಂದು ಗುಂಡಿ. ಬೆರಳು ಹಾಯಿಸಿದರೆ ದೇಶವೆಲ್ಲಾ ಕೈಗೆ ಸಿಗುತ್ತಿತ್ತು. ಮೇಲಾಗಿ ಜೋಡಿ ಪಾಠ ಶುರುವಾಯಿತು. ಓದುವುದು, ಬೋರ್ಡಿನ ಮೇಲೆ ಬರೆಯುವುದು, ಕೈಯೆತ್ತಿದ ಮಗುವಿನ ಹೆಸರು ಕೂಗುವುದು ಮೇಡಂ ಪಾಲು. ಮಾತು ಮೇಷ್ಟ್ರ ಪಾಲು. "ಆ ರಾಜ ಈ ದಾರೀಲೇ ಯಾಕೆ ಬಂದ?" ಎಂದು ಅವರು ಕೇಳಿದರೆ, ಇವರು ಕಣಿವೆಯ ಮೇಲೆ ಬೆರಳಿಟ್ಟು ಉತ್ತರ ಹೇಳುವರು. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಅಯ್ಯೋ, ಎಡವಿದ್ದೇ ಅಲ್ಲಿ. ಪಾಠ ಅಷ್ಟು ಚೆನ್ನಾಗಬಾರದಿತ್ತು!

ಶಿಕ್ಷಕರ ತರಬೇತಿ ಕೇಂದ್ರದ ಅಧಿಕಾರಿಗಳು ಬಂದರು, ನೋಡಿದರು, ಕುಣಿದಾಡಿದರು. "ಸಹಯೋಗ ಅಂದ್ರೆ ಇದಪ್ಪಾ!" ಎಂದು ನಕ್ಷೆಯನ್ನು ಸವರಿದ್ದೂ ಸವರಿದ್ದೇ. ಮುಂದಿನ ವಾರವೇ ಆದೇಶ ಬಂತು. ಬೇರೆ ಶಾಲೆಗಳ ಮೇಷ್ಟ್ರುಗಳಿಗೆ ಈ ವಿದ್ಯೆ ಕಲಿಸಲು ಮೇಡಂ ತರಬೇತಿ ಕೇಂದ್ರಕ್ಕೆ ಬರಬೇಕು. ನಕ್ಷೆ ಅಲ್ಲಿಯ ಗಾಜಿನ ಬೀರುವಿಗೆ. ಶಾಲೆಗೆ ಬಹುಮಾನವಾಗಿ ಹೊಸ ಟಚ್ ಸ್ಕ್ರೀನ್. ಹೊಗಳಿಕೆಯಿಂದಲೇ ಕತ್ತು ಕುಯ್ಯುವುದು ಎಂದರೆ ಇದೇ ನೋಡಿ.

"ನಿಜ ಹೇಳಿಬಿಡ್ತೀನಿ ಸಾರ್."

"ನನ್ನ ಮೊಮ್ಮಗು ಆಣೆ, ಬಾಯಿ ಬಿಡಬೇಡಮ್ಮಾ. ಹೇಳಿದ್ರೆ ಇವತ್ತೇ ಮನೆಗೆ. ಸುಮ್ಮನಿದ್ರೆ ಒಂದಷ್ಟು ದಿನ ತಳ್ಳಬಹುದು."

ಹೊರಡುವ ಮುಂಚೆ ಇನ್ನೊಂದು ನಕ್ಷೆಯನ್ನಾದರೂ ಹೊಲಿದುಕೊಡುತ್ತೇನೆ ಎಂದು ಮೇಡಂ ಹೆಡ್‌ಮಾಸ್ಟರನ್ನು ಕೇಳಿದರು. "ಇಂಥಾ ಸ್ಕ್ರೀನ್ ಬಂದ ಮೇಲೆ ಆ ಹಳೇ ಬಟ್ಟೆ ಯಾಕ್ರೀ?" ಎಂದು ಅವರು ನಕ್ಕರು.

ಮೇಡಂ ಹೋದ ಮೇಲೆ ಸ್ಕ್ರೀನಿನ ಮೊದಲ ಪಾಠ ನೋಡಲು ಅಧಿಕಾರಿಗಳೇ ಬಂದು, ಹೆಡ್‌ಮಾಸ್ಟರ ಜೊತೆ ಹಿಂದಿನ ಬೆಂಚಿನಲ್ಲಿ ಕೂತರು. ಮೊದಲೇ ಆನ್ ಮಾಡಿಡು, ನದಿಗಳ ನಕ್ಷೆ ಹಾಕಿಡು ಎಂದು ಮೇಷ್ಟ್ರು ಜವಾನನಿಗೆ ಹೇಳಿದ್ದರು. ಸ್ಕ್ರೀನಿನ ಮುಂದೆ ನಿಂತಾಗ ಹೊಗೆಯ ನಡುವೆ ಬೆಳಕು ಕಂಡಿತು. ಸದ್ಯ, ಹಾಕಿದ್ದಾನೆ ಎಂದುಕೊಂಡರು. ಅದು ಎದುರಿನ ಕಿಟಕಿಯಿಂದ ಗಾಜಿನ ಮೇಲೆ ಬಿದ್ದ ಬೆಳಕು.

ಬೆಟ್ಟದಿಂದ ಶುರುಮಾಡಿದರು. ದಾರ ಹೋಗುತ್ತಿದ್ದ ದಾರಿಯಲ್ಲೇ ಬೆರಳು ಹೋಯಿತು. ಉಪನದಿ ಕೂಡುವಲ್ಲಿ ತಿರುಗಿತು, ಗಂಟಿದ್ದ ಜಾಗದಲ್ಲೆಲ್ಲಾ ನಿಂತು ಊರಿನ ಹೆಸರು ಹೇಳಿತು. ಕೋಣೆಯಲ್ಲಿ ಒಬ್ಬರೂ ಉಸಿರೆತ್ತುತ್ತಿಲ್ಲ. ಮಕ್ಕಳು ಮುಳುಗಿಹೋಗಿದ್ದಾರೆ ಎಂದು ಮೇಷ್ಟ್ರಿಗೆ ಜೀವ ಬಂದಂತಾಯಿತು. ದಾಟಿಬಿಟ್ಟೆ ಎಂದುಕೊಂಡರು. ನದಿ ಸಮುದ್ರ ಸೇರಿತು.

"ಗೊತ್ತಾಯ್ತೇನ್ರೋ?"

ಮುಂದಿನ ಬೆಂಚಿನ ಹುಡುಗಿ ಎದ್ದು ಬಂದು ಅವರ ತೋಳು ಹಿಡಿದುಕೊಂಡಳು.

"ಸಾರ್," ಎಂದಳು ಮೆಲ್ಲಗೆ, "ಸ್ಕ್ರೀನ್ ಇನ್ನೂ ಆನ್ ಆಗಿಲ್ಲ."

ಹಿಂದಿನ ಬೆಂಚಿನಿಂದ ಯಾರೋ ಎದ್ದ ಸದ್ದಾಯಿತು. ಮೇಷ್ಟ್ರು ಬೆರಳನ್ನು ಸಮುದ್ರದ ಮೇಲಿಂದ ತೆಗೆಯಲಿಲ್ಲ.