ವಾಲ್ಟ್ರಾಡಳ ಲದ್ದಿಮಡಿ

ಗೆಲ್ಸೆನ್‌ಕಿರ್ಖೆನ್ ಊರಿನ ವಾಲ್ಟ್ರಾಡ್ ನೊವಾಕ್‌ಗೆ ಕೋಪ ಬರುವುದು ಅಪರೂಪ. ಬಂದರೆ ಮಾತ್ರ ಅದನ್ನು ಎಲೆಕೋಸಿನ ಹಾಗೆ ಹೆಚ್ಚಿ, ಉಪ್ಪು ಬೆರೆಸಿ, ಜಾಡಿಗೆ ತುಂಬಿ, ಮೇಲೊಂದು ಕಲ್ಲು ಹೇರಿ ಇಡುತ್ತಿದ್ದಳು. ಹುಳಿ ಬಂದಷ್ಟೂ ರುಚಿ. ಟ್ರಾಮ್ ಓಡಿಸುತ್ತಿದ್ದ ಕಾಲದಲ್ಲಿ ಯಾವನೋ ಅವಳ ಕೂದಲನ್ನು ಪೊರಕೆ ಎಂದಿದ್ದನಂತೆ. ಅಲ್ಲಿಂದ ಅವನು ನಿವೃತ್ತನಾಗುವವರೆಗೂ ಟ್ರಾಮಿನ ಬಾಗಿಲು ಅವನ ಮೂಗಿನ ಮೇಲೆಯೇ ಮುಚ್ಚಿಕೊಳ್ಳುತ್ತಿತ್ತು. ಅವನ ಮೊಮ್ಮಕ್ಕಳು ಚಪ್ಪಟೆ ಮೂಗಿನವರಾಗಿಯೇ ಹುಟ್ಟಿದರು ಎಂದು ಡಿಪೋದಲ್ಲಿ ಈಗಲೂ ಹೇಳುತ್ತಾರೆ.

ಇಂಥವಳ ಆಮೆಮರಿಯನ್ನು ಎಗಾನ್ ಬ್ರಾಸೆ ಕೊಂದ.

ರೈಲುಹಳಿಯ ಪಕ್ಕದ ಜಾಗವನ್ನು ತುಂಡು ಮಾಡಿ ಹಂಚಿಕೊಂಡು, ತುಂಡಿಗೊಂದು ಮರದ ಗುಡಿಸಲು ಕಟ್ಟಿಕೊಂಡು ತೋಟ ಮಾಡುವವರ ಸಂಘಕ್ಕೆ ಬ್ರಾಸೆ ಅಧ್ಯಕ್ಷ. ಬೇಲಿಗಿಡ ಎದೆಮಟ್ಟ ಮೀರಿ ಒಂದು ಎಲೆ ಚಾಚಿದರೂ ಟೇಪು ಹಿಡಿದು ಬರುತ್ತಿದ್ದ. ಮೋಡವಿದ್ದ ದಿನ ಬಂದರೆ, ಬಿಸಿಲು ಬರಲೆಂದು ಕಾದು ನೆರಳನ್ನೂ ಅಳೆದು ಹೋಗುತ್ತಿದ್ದ.

ವಾಲ್ಟ್ರಾಡಳ ತುಂಡಿನಲ್ಲಿ ಮರದ ಚೌಕಟ್ಟಿನ ಒಂದು ಮಡಿ, ಅದಕ್ಕೆ ಬಿಸಿಲು ಇಳಿಯುವಂಥ ಮುಚ್ಚಳ, ಒಳಗೆ ಆಮೆಮರಿಗಳು. ಹುಟ್ಟಿದ ಕ್ರಮದಲ್ಲೇ ತನ್ನ ಹಳೆಯ ದಾರಿಯ ಟ್ರಾಮ್ ಸ್ಟಾಪುಗಳ ಹೆಸರು ಇಟ್ಟಿದ್ದಳು: ಗಣಿಬಾಗಿಲು, ಚರ್ಚುಕಟ್ಟೆ, ದೊಡ್ಡಾಸ್ಪತ್ರೆ, ಹೀಗೆ. ಎಲ್ಲಕ್ಕಿಂತ ಕಿರಿಯದು ಕೊನೇಸ್ಟಾಪು. ಹಗಲಿಗೆ ಸೂರ್ಯ ಸಾಕು. ಕತ್ತಲಾದ ಮೇಲೆ ಬಿಸಿ ಕೊಡುವ ಒಂದು ಬಲ್ಬು ಬೇಕು.

ಸೆಪ್ಟೆಂಬರಿನ ಒಂದು ಸಂಜೆ ಬ್ರಾಸೆ ಯಾರಿಗೂ ಹೇಳದೆ ಇಡೀ ಸಂಘದ ಕರೆಂಟು ಕಿತ್ತ. ಗುದ್ದಲಿಗೆ ಯಾತರ ಕರೆಂಟು ಎಂದು ಆಮೇಲೆ ವಾದಿಸಿದ. ನಿಜ ಸಂಗತಿ ಬೇರೆ. ಅಚ್ಚುಕಟ್ಟು ತೋಟಕ್ಕೆ ಕಪ್ ಕೊಡುವ ಜಿಲ್ಲೆಯವರು ಬರುವವರಿದ್ದರು, ಅವರಿಗೆ ತೋಟದಲ್ಲಿ ಸಾಕುಪ್ರಾಣಿ ಕಂಡರೆ ಆಗದು. ಬಲ್ಬಿಲ್ಲದಿದ್ದರೆ ಅವಳು ಆಮೆಗಳನ್ನು ಎತ್ತಿಕೊಂಡು ಹೋಗುತ್ತಾಳೆಂದು ಅವನ ಲೆಕ್ಕ. ಅದೇ ರಾತ್ರಿ ಚಳಿ ಬಿತ್ತು. ಬೆಳಿಗ್ಗೆ ಕೊನೇಸ್ಟಾಪಿನ ಮೂಗಿನಲ್ಲಿ ಸಿಂಬಳದ ಗುಳ್ಳೆ ಏಳುತ್ತಿತ್ತು. ವಾರ ಕಳೆಯುವುದರೊಳಗೆ ವಾಲ್ಟ್ರಾಡ್ ಅದನ್ನು ಗೂಸ್‌ಬೆರಿ ಪೊದೆಯ ಬುಡದಲ್ಲಿ ಚಮಚದಿಂದ ಗುಂಡಿ ತೋಡಿ ಹೂತಳು. ಚಮಚವೇ ಸಾಕಾಯಿತು.

ಕಪ್ ಬಂತು. ಸಭೆಯಲ್ಲಿ ಬ್ರಾಸೆ ಅದನ್ನು ತಲೆಯ ಮೇಲೆ ಎತ್ತಿ ಹಿಡಿದು ಸಾರಿದ: "ನಮ್ಮ ಸಂಘದಲ್ಲಿ ಆಮೆ ಅನ್ನೋದೇ ಇಲ್ಲ. ಇದೆ ಅಂದೋರು ಸುಳ್ಳು ಹೇಳ್ತಾರೆ. ಅಂಥೋರಿಗೆ ಇಲ್ಲಿ ಜಾಗ ಇಲ್ಲ."

ಎಲ್ಲರ ಚಪ್ಪಾಳೆ ನಿಂತ ಮೇಲೂ ವಾಲ್ಟ್ರಾಡ್ ತಟ್ಟುತ್ತಲೇ ಇದ್ದಳು. ಪಕ್ಕದ ತೋಟದ ಹೆಡ್ವಿಗ್ ಅದನ್ನು ಕೇಳಿ ತನ್ನ ಕುರ್ಚಿಯನ್ನು ಕೊಂಚ ಅತ್ತ ಸರಿಸಿಕೊಂಡಳು.

ಉಳಿದ ಮರಿಗಳು ಚಳಿಗಾಲವಿಡೀ ವಾಲ್ಟ್ರಾಡಳ ಮನೆಯ ಫ್ರಿಜ್ಜಿನಲ್ಲಿ, ತರಕಾರಿ ಡಬ್ಬಿಯಲ್ಲಿ, ಆಮೆಗಳು ವರ್ಷವರ್ಷ ಮಾಡುವ ತಣ್ಣನೆಯ ದೀರ್ಘ ನಿದ್ದೆ ಮಾಡುತ್ತಿದ್ದವು. ಬೆಣ್ಣೆ ತೆಗೆಯಲು ಬಾಗಿಲು ತೆರೆದಾಗೆಲ್ಲ ಅವಳು ಒಳಕ್ಕೆ ಬಗ್ಗಿ "ಬ್ರಾಸೆ" ಎಂದು ಮೆಲ್ಲಗೆ ಹೇಳುತ್ತಿದ್ದಳು, ನಿದ್ದೆಯಲ್ಲಿ ಮರೆತುಬಿಟ್ಟಾವು ಎಂದು.

ವಸಂತ ಬಂದಾಗ ಅವಳು ಕರೆಂಟು ಕೇಳಲಿಲ್ಲ. ರೇಸ್ ಕುದುರೆಗಳ ಲಾಯದಿಂದ ಮಕ್ಕಳನ್ನು ಕೂರಿಸಿ ತಳ್ಳುವ ಹಳೆಯ ಗಾಡಿಯಲ್ಲಿ ಬಿಸಿ ಲದ್ದಿ ಸಾಗಿಸಿ, ಮೊಣಕಾಲಾಳದ ಗುಂಡಿಯಲ್ಲಿ ಹುಲ್ಲಿನೊಂದಿಗೆ ತುಳಿದು, ಮೇಲೆ ದಪ್ಪಗೆ ಮಣ್ಣು ಹರಡಿ ಚೌಕಟ್ಟು ಕೂರಿಸಿದಳು. ಲದ್ದಿ ಕೊಳೆಯುತ್ತ ಬಿಸಿ ಕೊಡುವ, ಅಜ್ಜಂದಿರ ಕಾಲದ ಬೇಸಾಯವೇ ಅದು. ಬ್ರಾಸೆಯೂ ನೋಡಿ ತಲೆದೂಗಿದ. ಆ ಮಡಿಯ ಕಾವು ಎಷ್ಟಿತ್ತೆಂದರೆ ಮೂರು ಬಡಾವಣೆಯ ಬೆಕ್ಕುಗಳು ಅದರ ಅಂಚಿನಲ್ಲಿ ಸರದಿ ಹಚ್ಚುತ್ತಿದ್ದವು, ಮೇಲಿನ ಕೊಂಬೆಯಲ್ಲಿದ್ದ ಗುಬ್ಬಚ್ಚಿಯ ಮೊಟ್ಟೆ ಬೆಂದೇ ಹೋಯಿತು. ಫ್ರಿಜ್ಜಿನಿಂದೆದ್ದು ಮಡಿಗೆ ಬಂದ ಆಮೆಗಳು ಸಂಜೆಯಾದೊಡನೆ ಹುಲ್ಲಿನಡಿ ಹುದುಗಿ, ಕಣ್ಣಿಗೇ ಬೀಳದಂತೆ ಮಲಗುತ್ತಿದ್ದವು.

ಮೇ ತಿಂಗಳ ನಡುವೆ ಹಿಮಸಂತರ ದಿನಗಳು, ಎಂದರೆ ಸಂತರ ಹೆಸರು ಹೊತ್ತ ಕೊನೆಯ ಚಳಿದಿನಗಳು, ಬಂದವು. ಆ ಸಂತರು ವರ್ಷಕ್ಕೊಮ್ಮೆ ಬಂದು ಎಳೆಗಿಡಗಳನ್ನು ಸುಟ್ಟು ಹೋಗುವವರು. ಬ್ರಾಸೆಗೋ ಪ್ರಾಣವಿದ್ದದ್ದು ಕುಂಬಳದ ಸಸಿಗಳಲ್ಲಿ. ಸುಗ್ಗಿಯ ಹಬ್ಬದ ತಕ್ಕಡಿಯಲ್ಲಿ ಪ್ರತಿವರ್ಷ ಅವನ ಕಾಯಿಯೇ ಎಲ್ಲಕ್ಕಿಂತ ಭಾರ. ಆದರೆ ಅವನ ಗಾಜಿನ ಮನೆಯ ಹೀಟರು ಓಡಬೇಕಾದದ್ದು ಅವನೇ ಕಿತ್ತ ಕರೆಂಟಿನಲ್ಲಿ. ಮನೆಗೆ ಒಯ್ಯೋಣವೆಂದರೆ ಹೆಂಡತಿ ಆಗಷ್ಟೇ ಪರದೆ ತೊಳೆದು ಹಾಕಿದ್ದಳು. ಮಣ್ಣಿನ ಕುಂಡ ಹೊಸಿಲು ದಾಟುವಂತಿರಲಿಲ್ಲ. ಸಂಜೆ ಸಸಿಗಳ ಬುಟ್ಟಿ ಹೊತ್ತು ವಾಲ್ಟ್ರಾಡಳ ಗೇಟಿಗೆ ಬಂದ.

"ಫ್ರಾವ್ ನೊವಾಕ್, ನಿಮ್ಮ ಮಡೀಲಿ ಒಂದು ರಾತ್ರಿಗೆ ಇವಕ್ಕೆ ಜಾಗ ಕೊಡ್ತೀರಾ?"

"ಜಾಗಕ್ಕೇನು, ಇದೆ. ಒಳಗೆ ಮತ್ತೇನಾದ್ರೂ ಇದ್ರೆ ಪರವಾಗಿಲ್ವಾ, ಅಧ್ಯಕ್ಷರೇ?"

"ಮತ್ತೇನಿರುತ್ತೆ?" ಎಂದ ಬ್ರಾಸೆ.

"ಅದೂ ಸರಿಯೇ. ಏನಿರುತ್ತೆ?" ಎಂದು ಅವಳೇ ಮುಚ್ಚಳ ಎತ್ತಿ ಹಿಡಿದಳು.

ಕೆಲಸದಲ್ಲಿದ್ದಷ್ಟು ಕಾಲ ಒಂದು ನಿಮಿಷ ತಡ ಮಾಡಿದವಳಲ್ಲ. ಮರುದಿನ ಬೆಳಿಗ್ಗೆ ಎರಡನೆಯ ಲೋಟ ಕಾಫಿ ಕುಡಿದಳು. ಆಮೇಲೆ ಮೂರನೆಯದನ್ನೂ ಕುಡಿದಳು. ತೋಟ ಮುಟ್ಟುವಾಗ ಬಿಸಿಲು ಚೆನ್ನಾಗಿ ಏರಿತ್ತು, ಬ್ರಾಸೆ ಮಡಿಯ ಮುಂದೆ ನಿಂತಿದ್ದ. ಸಸಿಗಳಿದ್ದಲ್ಲಿ ಬರಿಯ ಮೋಟುಗಳು. ಗಣಿಬಾಗಿಲು ಕೊನೆಯ ದಂಟನ್ನು ನಿಧಾನವಾಗಿ ಅಗಿಯುತ್ತಿತ್ತು. ಒಂದೊಂದು ಮರಿಯ ತುಟಿಯೂ ಹಸಿರು.

"ಆಮೆ!" ಎಂದ ಬ್ರಾಸೆ.

"ಎಲ್ಲಿ?" ಎಂದಳು ವಾಲ್ಟ್ರಾಡ್, ನಾಲ್ಕು ತೋಟಕ್ಕೆ ಕೇಳುವಂತೆ. "ಇಲ್ಲಿ ಆಮೆ ಇದೆ ಅಂತೀರಾ, ಅಧ್ಯಕ್ಷರೇ? ಸರಿಯಾಗಿ ನೋಡಿ ಹೇಳಿ."

ಎದೆಮಟ್ಟದ ಬೇಲಿಗಳ ಮೇಲೆ ಒಂದೊಂದಾಗಿ ತಲೆಗಳು ಎದ್ದವು. ಬೇಲಿಯನ್ನು ಅಷ್ಟಕ್ಕೇ ಕತ್ತರಿಸಿಟ್ಟವನು ಅವನೇ. ಬ್ರಾಸೆ ಆ ತಲೆಗಳನ್ನು ಒಂದೊಂದಾಗಿ ನೋಡಿದ. ಕಪ್ಪೂ, ಸಭೆಯಲ್ಲಿ ತಾನೇ ಸಾರಿದ ಮಾತೂ ನೆನಪಾಗಿರಬೇಕು.

"ಬಸವನಹುಳು," ಎಂದ ಕೊನೆಗೆ.

"ಹಾಗಾದ್ರೆ ಈ ವರ್ಷ ಹುಳದ ಕಾಟ ಜಾಸ್ತಿ," ಎಂದಳು ವಾಲ್ಟ್ರಾಡ್.

ಅವನು ಖಾಲಿ ಬುಟ್ಟಿ ಎತ್ತಿಕೊಂಡು ಹೋದ. ಹೆಡ್ವಿಗ್ ಬೇಲಿಯ ಮೇಲಿಂದ ಬಗ್ಗಿ, ಇನ್ನಾದರೂ ಮನಸ್ಸಿಗೆ ಸಮಾಧಾನ ಆಯಿತೇ ಎಂದು ಕೇಳಿದಳು. ಮಡಿಯ ಮೂಲೆಯಲ್ಲಿ ಒಂದು ಕುಂಬಳದೆಲೆ ಹೇಗೋ ಉಳಿದಿತ್ತು. ದೊಡ್ಡಾಸ್ಪತ್ರೆ ಕತ್ತು ಚಾಚಿ ಅತ್ತಲೇ ಹೊರಟಿತ್ತು. ವಾಲ್ಟ್ರಾಡ್ ಅದನ್ನು ಹಿಂದಕ್ಕೆ ಸರಿಸಿ, ಎಲೆಯನ್ನು ಚಿವುಟಿಕೊಂಡು ಹೋಗಿ ಗೂಸ್‌ಬೆರಿ ಪೊದೆಯ ಬುಡದಲ್ಲಿಟ್ಟಳು.

"ಬ್ರಾಸೆಯ ಡೇಲಿಯಾ ಗಿಡ ಹೂ ಬಿಡೋದು ಯಾವಾಗ, ಹೆಡ್ವಿಗ್?" ಎಂದು ಕೇಳಿದಳು.