ಡಾಕ್ಟ್ರು ನೋಡಿದಾರೆ, ಉತ್ತರ ಕೊಟ್ಟಿಲ್ಲ

ಮೃತ್ಯುಂಜಯ ಊಟಕ್ಕೆ ಕೂತಾಗಲೇ ಸಗಣಿಯ ಫೋಟೋಗಳು ಬರುತ್ತಿದ್ದವು. ಶಿವನಿ ಕಡೆಯ ಒಂದು ದನದ ಆಸ್ಪತ್ರೆಯಲ್ಲಿ ಅವನು ಜಾನುವಾರು ಇನ್ಸ್‌ಪೆಕ್ಟರ್, ಡಾಕ್ಟರ ಕೈಕೆಳಗಿನವನು. ಸುತ್ತಲಿನ ಹಳ್ಳಿಯವರ ಬಾಯಲ್ಲಿ ಡಾಕ್ಟ್ರು. ಹಾಲಿನ ಡೈರಿಯವರು ವಾಟ್ಸಾಪ್ ಗ್ರೂಪೊಂದನ್ನು ಮಾಡಿ ಅವನನ್ನು ಸೇರಿಸಿದ ಮೇಲೆ ಕೆಚ್ಚಲು, ಗೊರಸು, ಜೊಲ್ಲು, ಎಲ್ಲವೂ ಅವನ ಅಂಗೈಗೇ ಬಂದು ಬೀಳತೊಡಗಿದವು. ಮೊದಮೊದಲು ಅವನಿಗೆ ಹೆಮ್ಮೆಯೇ ಇತ್ತು. ಆಮೇಲೆ, ಓದಿದ್ದನ್ನು ಎಲ್ಲರಿಗೂ ತೋರಿಸಿಬಿಡುವ ನೀಲಿ ಗೀಟುಗಳ ಕಾಟ ಶುರುವಾಯಿತು. "ಡಾಕ್ಟ್ರು ನೋಡಿದಾರೆ, ಉತ್ತರ ಕೊಟ್ಟಿಲ್ಲ" ಎಂದು ಕನಕರಾಜು ಎಂಬ ರೈತ ಗ್ರೂಪಿನಲ್ಲೇ ಬರೆದುಬಿಟ್ಟ. ಅವನ ಹಸುವಿಗೆ ಉಣ್ಣೆ ಹುಳ ಹತ್ತಿತ್ತು, ಅಷ್ಟೇ.

ಅಂದಿನಿಂದ ಮೃತ್ಯುಂಜಯ ಬಂದದ್ದಕ್ಕೆಲ್ಲ ಉತ್ತರ ಕೊಡತೊಡಗಿದ. ಬೈಕ್ ನಿಲ್ಲಿಸಿ ಕೊಡುತ್ತಿದ್ದ, ಬಚ್ಚಲಿನಿಂದ ಒದ್ದೆ ಕೈಯಲ್ಲೇ ಕೊಡುತ್ತಿದ್ದ. ಫೋನು ಸುಮ್ಮನಿದ್ದರೆ ಇನ್ನೂ ಕಷ್ಟ. ಯಾವುದೋ ಕರೆ ಕೇಳಿಸದೆ ಹೋಯಿತೇನೋ ಎಂದು ಮತ್ತೆ ಮತ್ತೆ ತೆಗೆದು ನೋಡುತ್ತಿದ್ದ. ತರೀಕೆರೆಯಲ್ಲಿ ನಾದಿನಿಯ ನಿಶ್ಚಿತಾರ್ಥದ ದಿನ ಊಟದ ಪಂಕ್ತಿಯಿಂದಲೇ ಎದ್ದು ಹೊರಗೆ ಹೋಗಿ ಬಂದ.

"ಯಾರಾದ್ರೂ ಫೋನ್ ಮಾಡಿದ್ರೇನ್ರೀ?" ಎಂದಳು ಹೆಂಡತಿ ತ್ರಿವೇಣಿ.

"ಇಲ್ಲ. ಮಾಡಿದ್ರೇನೋ ಅಂತ ನೋಡ್ದೆ."

ಅವಳು ಅವನ ಆರಿದ ಅನ್ನಕ್ಕೆ ಬಿಸಿ ಸಾರು ಹಾಕಿಸಿದಳು.

ಆ ವಾರವೇ ಬುಕ್ಕಾಂಬುಧಿಯಿಂದ ಕರೆ ಬಂತು. ಅಲ್ಲಿನ ಹುಲಿಗೆಮ್ಮ ಎಂಬಾಕೆಯ ಹಸು ಬೆಳಗಿನಿಂದ ನೋವು ತಿನ್ನುತ್ತಿದೆ, ಕರು ಹೊರಗೆ ಬರುತ್ತಿಲ್ಲ. ಆಸ್ಪತ್ರೆಯ ದೊಡ್ಡ ಡಾಕ್ಟರು ಬೇರೆ ಊರಿಗೆ ಹೋಗಿದ್ದರು. ಮೃತ್ಯುಂಜಯನೇ ಹೋದ. ತೋಳಿಗೆ ಸೋಪು ಹಚ್ಚಿಕೊಂಡು ಕೈ ಒಳಗೆ ಹಾಕಿ ನೋಡಿದರೆ ಕರುವಿನ ತಲೆ ಹಿಂದಕ್ಕೆ ಹೊರಳಿಕೊಂಡಿತ್ತು. ಮೂತಿ ಬೆರಳಿಗೆ ಸಿಕ್ಕಿತು. ಅಷ್ಟರಲ್ಲಿ ಅಂಗಿ ಜೇಬಿನಲ್ಲಿ ಫೋನು ಗುರುಗುಟ್ಟಿತು. ಮನಸ್ಸು ಒಂದು ಗಳಿಗೆ ಅತ್ತ ಹೋಯಿತು, ಮೂತಿ ಜಾರಿತು. ಮತ್ತೆ ಹಿಡಿದ, ಮತ್ತೆ ಫೋನು. ಹಸು ನರಳಿ ಮಂಡಿಯೂರಿತು.

"ಯಾರು ಅಂತ ಸ್ವಲ್ಪ ತೆಗ್ದು ನೋಡಮ್ಮ," ಎಂದ.

ಬಾಲ ಹಿಡಿದು ನಿಂತಿದ್ದ ಹುಲಿಗೆಮ್ಮನಿಗೆ ಸಿಟ್ಟು ನೆತ್ತಿಗೇರಿತು. ಜೇಬಿನಿಂದ ಫೋನು ಎಳೆದು ಕಿವಿಗಿಟ್ಟುಕೊಂಡಳು.

"ಯಾರಪ್ಪಾ ಅದು? ಕನಕರಾಜಾ? ನಿನ್ ಹಸ ಮೇವು ತಿಂತೈತಾ? ತಿಂತಿದ್ರೆ ಸಾಯಕ್ಕಿಲ್ಲ ಕಣೋ, ಸುಮ್ನಿರು. ಡಾಕ್ಟ್ರ ಕೈ ನಮ್ ಹಸಿನ ಹೊಟ್ಟೇಲೈತೆ!"

ಇನ್ನೊಂದು ಕರೆಗೂ ಅದೇ ಉತ್ತರ. ಆಮೇಲೆ ಫೋನನ್ನು ಬೂಸದ ಚೀಲದೊಳಕ್ಕೆ ತುರುಕಿದಳು. "ಈಗ ನೋಡ್ರಿ, ಡಾಕ್ಟ್ರೇ."

ಮೃತ್ಯುಂಜಯನಿಗೆ ಬೆವರು ಕಿತ್ತುಬಂತು. ಚೀಲದತ್ತ ಒಮ್ಮೆ ನೋಡಿದ. ಮತ್ತೆ ಕಣ್ಣು ಮುಚ್ಚಿ, ಮೂತಿ ಹುಡುಕಿ ಹಿಡಿದು, ತಲೆಯನ್ನು ನಿಧಾನವಾಗಿ ತಿರುಗಿಸಿದ. ಕರುವಿನ ಮುಂಗಾಲುಗಳಿಗೆ ಹಗ್ಗ ಬಿಗಿದು ಇಬ್ಬರೂ ಎಳೆದರು. ಹೆಣ್ಣು ಕರು. ಉಸಿರಾಡುತ್ತಿತ್ತು.

ಹುಲಿಗೆಮ್ಮ ಕೊಟ್ಟ ಕಾಫಿ ಹಿಡಿದು ಜಗಲಿಯ ಮೇಲೆ ಕೂತು, ಚೀಲದಿಂದ ತೆಗೆದ ಫೋನಿನ ಮೇಲಿನ ಬೂಸ ಒರೆಸಿದ. ಕರುವಿನ ಮೂತಿ ಇನ್ನೊಂದು ಸಲ ಜಾರಿದ್ದರೆ ಎಂಬ ಯೋಚನೆ ಬಿಡಲಿಲ್ಲ. ಅಲ್ಲಿಂದಲೇ ಗ್ರೂಪಿಗೆ ಬರೆದ: ದನ ಮೇಲೇಳದಿದ್ದರೆ, ಕರು ಹಾಕಲಾರದಿದ್ದರೆ ಫೋನ್ ಮಾಡಿ, ಉಳಿದದ್ದು ಸಂಜೆ ನೋಡುತ್ತೇನೆ. ಬರೆದು ಅಳಿಸಿದ, ಅಳಿಸಿ ಬರೆದ, ಕೊನೆಗೆ ಕಳಿಸಿದ.

"ಡಾಕ್ಟ್ರು ದೊಡ್ಡೋರಾಗ್ಬಿಟ್ರು" ಎಂದು ಕನಕರಾಜು ಹಾಕಿದ. ಒಬ್ಬಿಬ್ಬರು ಗ್ರೂಪು ಬಿಟ್ಟರು. ಉಳಿದವರು ಗೊಣಗಿಕೊಂಡೇ ಸಂಜೆಯವರೆಗೆ ಕಾಯುವುದನ್ನು ಕಲಿತರು. ಕಾದದ್ದರಿಂದ ಯಾರ ಹಸುವೂ ಸಾಯಲಿಲ್ಲ.

ಮೃತ್ಯುಂಜಯನಿಗೆ ಮಾತ್ರ ಹಗಲು ಉದ್ದವಾಯಿತು. ಈಗಲೂ ಅಜ್ಜಂಪುರದ ಸಂತೆಯಲ್ಲಿ ಯಾರದೋ ಫೋನು ಸದ್ದು ಮಾಡಿದರೆ ಅವನ ಕೈ ಜೇಬಿಗೆ ಹೋಗುತ್ತದೆ.

"ಅದು ನಿಮ್ದಲ್ಲ ಕಣ್ರೀ, ನಡೀರಿ," ಎನ್ನುತ್ತಾಳೆ ತ್ರಿವೇಣಿ.

"ಗೊತ್ತು," ಎನ್ನುತ್ತಾನೆ. ಆದರೂ ತೆಗೆದು ನೋಡುತ್ತಾನೆ.